ಜಾಲರಿ ಗೋಡೆಯ ಮನೆ

ಅರಸೀಕೆರೆಯಲ್ಲಿ ನಾವು ಬಾಡಿಗೆಗಿದ್ದ ಐದಂತಸ್ತಿನ ಕಟ್ಟಡ ಕಂಡರೆ ಇಂದಿಗೂ ರಸ್ತೆಯಲ್ಲಿ ನಿಂತುಬಿಡುತ್ತೇನೆ. ಅರವತ್ತರ ದಶಕದಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ ಕಟ್ಟಿಸಿದ್ದು. ಹೆಂಚಿನ ಮನೆಗಳ ನಡುವೆ ಅದೊಂದೇ ನೆಟ್ಟಗೆ ಎದ್ದು ನಿಂತಿತ್ತು. ಎಲ್ಲೂ ಒಂದು ಹೂಬಳ್ಳಿಯ ಅಲಂಕಾರವಿಲ್ಲ. ಕಂಬವೇ ಇಲ್ಲದೆ ಗಾಳಿಗೆ ಚಾಚಿಕೊಂಡ ಬಾಲ್ಕನಿಗಳು! ಮೆಟ್ಟಿಲ ಬದಿಗಂತೂ ನೆಲದಿಂದ ತುದಿಯವರೆಗೆ ಗೋಡೆಯೇ ಇಲ್ಲ, ಬರೀ ಸಿಮೆಂಟ್ ಜಾಲರಿ. ಬೆಳಿಗ್ಗೆ ಕಾಲೇಜಿಗೆ ಇಳಿಯುವಾಗ ಬಿಸಿಲಿನ ಚುಕ್ಕಿಗಳನ್ನು ತುಳಿಯುತ್ತ ಇಳಿಯುತ್ತಿದ್ದೆ. ಬೇಲೂರಿನ ಗುಡಿಯಲ್ಲಿ ಕಲ್ಲಿನ ಜಾಲಂಧ್ರಗಳನ್ನು ನೋಡಿ ಬಂದ ಮೇಲೆ, ನಮ್ಮ ಮನೆಯಲ್ಲೂ ಅದೇ ಇದೆ ಅಂತ ಎಲ್ಲರ ತಲೆ ತಿಂದೆ.

ಕೆಳಗಿನ ಮನೆಯ ಆಂಟಿ ನಕ್ಕರು. "ಅಲ್ಲಿ ದೇವರವ್ನೆ ಕಣೇ, ಧೂಳಿಲ್ಲ. ಇಲ್ಲಿ ಧೂಳೈತೆ, ದೇವರಿಲ್ಲ."

ಧೂಳಿನ ಕಾಟಕ್ಕೆ ಅವರೇ ಮೊದಲು ತಮ್ಮ ಅಂತಸ್ತಿನ ಜಾಲರಿಗೆ ಗೋಣಿಚೀಲ ಹೊಲಿದು ಕಟ್ಟಿದರು. ನೆಲಮಹಡಿಯೇ ಕೊಬ್ಬರಿ ಗೋದಾಮು, ಹಳೇ ಚೀಲಕ್ಕೇನು ಬರ? ನೋಡನೋಡುತ್ತ ಎಲ್ಲ ಅಂತಸ್ತುಗಳೂ ಮುಚ್ಚಿಹೋದವು. ಅಮ್ಮನೂ ಕಟ್ಟಿದಳು. ನನ್ನ ಚುಕ್ಕಿಗಳು ಹೋದವು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಹೆರಿಗೆಗೆಂದು ಅಕ್ಕ ಬಂದಿದ್ದಳು, ದಿನ ತುಂಬಿತ್ತು. ಮಧ್ಯಾಹ್ನ ಕೊಬ್ಬರಿ ಕರಟಿದ ವಾಸನೆ ಬಂತು. ಯಾರದೋ ಒಗ್ಗರಣೆ ಸೀದಿದೆ ಅಂದುಕೊಂಡು ಬಾಗಿಲು ತೆಗೆದೆ. ಮೆಟ್ಟಿಲಲ್ಲಿ ಕಪ್ಪು ಹೊಗೆ ಗೋಡೆಯಂತೆ ನಿಂತಿತ್ತು. ಗೋದಾಮಿಗೆ ಬೆಂಕಿ ಬಿದ್ದಿತ್ತು. ಅದರ ಹಿಂಬಾಗಿಲು ಮೆಟ್ಟಿಲಿಗೇ ತೆರೆಯುತ್ತಿತ್ತು, ಇಳಿಯಲು ಬೇರೆ ದಾರಿ ಇರಲಿಲ್ಲ.

ಅಕ್ಕ ಹೊಟ್ಟೆ ಹಿಡಿದು ಬಾಗಿಲಲ್ಲೇ ಕುಸಿದಳು. "ನನ್ನ ಕೈಲಾಗಲ್ಲಮ್ಮ," ಅಂದಳು. ಅಮ್ಮ ಒದ್ದೆ ಟವೆಲ್ ಅವಳ ಮುಖಕ್ಕೆ ಒತ್ತುತ್ತಿದ್ದಳು.

ಆಗ ಕೆಳಗಿನಿಂದ ಆಂಟಿಯ ಕೂಗು: "ಚೀಲ ಕಿತ್ತಾಕ್ರೋ! ಉಸ್ರುಕಟ್ಟಿ ಸಾಯ್ತೀವಿ, ಕಿತ್ತಾಕ್ರೀ ಎಲ್ಲಾ!"

ಕಾಯಿ ಕೆತ್ತುವ ಮಚ್ಚಿನಿಂದ ಅವರು ತಮ್ಮದನ್ನು ಸೀಳುತ್ತಿದ್ದ ಸದ್ದು ಕೇಳಿತು. ನಾನು ನಮ್ಮದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಹಗ್ಗ ಬೆರಳು ಕೊಯ್ಯಿತು, ಚೀಲ ಹರಿದು ಬಂತು. ಮೇಲೂ ಪರ್‍ರನೆ ಹರಿದ ಸದ್ದು. ಒಮ್ಮೆಲೇ ಬೆಳಕು! ರೈಲುಹಳಿ ಕಡೆಯ ಗಾಳಿ ನುಗ್ಗಿತು. ಅಷ್ಟು ದಪ್ಪ ಹೊಗೆ ಸಾವಿರ ಎಳೆಯಾಗಿ ಸೀಳಿ, ಕಿಂಡಿಕಿಂಡಿಯಿಂದ ಹೊರಗೆ ಹರಿಯಿತು. ಅಂಥ ಹೊತ್ತಿನಲ್ಲೂ ನಾನು ಅದನ್ನು ನೋಡಿದೆ. ಕಟ್ಟಿದವನು ಚಂದಕ್ಕೆ ಮಾತ್ರ ಕಟ್ಟಿರಲಿಲ್ಲ. ಇಡೀ ಮೆಟ್ಟಿಲಿಗೇ ಉಸಿರಾಡಲು ಕಲಿಸಿದ್ದ!

ಮೆಟ್ಟಿಲು ಅಗಲ, ಏರು ಗಿಡ್ಡ. ಅಕ್ಕನ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ನಾನು, ಮೂವರೂ ಸಾಲಾಗಿ ಇಳಿದೆವು. ಗೋದಾಮಿನ ಹಿಂಬಾಗಿಲಿಗೆ ಹಮಾಲರು ಬಿಂದಿಗೆಗಟ್ಟಲೆ ನೀರು ಎರಚುತ್ತಿದ್ದರು. ಹೊರಗೆ ಬಂದು ತಲೆಯೆತ್ತಿದೆ. ಕಟ್ಟಡ ಮೈತುಂಬ ಹೊಗೆ ಬಿಡುತ್ತ ನಿಂತಿತ್ತು.

ಆಮೇಲೆ ಎಷ್ಟೋ ಸಲ ಕನಸಿನಲ್ಲಿ ಆ ಹಗ್ಗ ಹರಿಯುವುದೇ ಇಲ್ಲ.

ಅಕ್ಕ ಆಸ್ಪತ್ರೆಯಿಂದ ಮಗುವಿನೊಂದಿಗೆ ಬಂದ ದಿನ ಬೆಳಿಗ್ಗೆ, ಮಸಿ ಹಿಡಿದ ಮೆಟ್ಟಿಲ ಮೇಲೆ ಚುಕ್ಕಿಗಳು ಮತ್ತೆ ಬಿದ್ದಿದ್ದವು. ಮಗುವಿನ ಮುಖದ ಮೇಲೂ ಒಂದಷ್ಟು. ಆಂಟಿ ಪೊರಕೆ ಹಿಡಿದು ತಮ್ಮ ಬಾಗಿಲಲ್ಲಿದ್ದರು.

"ಚೀಲ ಮತ್ತೆ ಕಟ್ತೀರಾ ಆಂಟಿ?"

"ಸುಮ್ನಿರೇ. ಧೂಳು ಬಂದ್ರೆ ಗುಡುಸ್ತೀನಿ," ಅಂದು ಮಗುವಿಗೆ ದಾರಿ ಬಿಟ್ಟರು.