ಒಲೆಯಿದ್ದ ಗಾಡಿ

ಅವ್ವನ ಮಡಿ ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಹೊರಗಿನ ನೀರು ಮುಟ್ಟುವುದಿಲ್ಲ, ಮಂದಿ ಮಾಡಿದ್ದು ಉಣ್ಣುವುದಿಲ್ಲ. ಹೀಗಾಗಿ ಆಕೆ ಇಂಡಿ ಬಿಟ್ಟು ದೂರ ಹೋದವಳೇ ಅಲ್ಲ. ಹೆಚ್ಚೆಂದರೆ ಸಿಂದಗಿಯ ತವರುಮನೆ, ಇಲ್ಲವೇ ಬಸವನ ಬಾಗೇವಾಡಿಯಲ್ಲಿ ನನ್ನ ಮನೆ. ಅಲ್ಲಿಗೂ ತನ್ನ ತಂಬಿಗೆ ಹಿಡಿದುಕೊಂಡೇ ಬರುತ್ತಿದ್ದಳು. ಒಡಹುಟ್ಟಿದ ಅಕ್ಕ, ನಮ್ಮ ಮಾವಶಿ, ನಾಗಪುರಕ್ಕೆ ಮದುವೆಯಾಗಿ ಹೋಗಿ ಮೊಮ್ಮಕ್ಕಳನ್ನು ಕಂಡರೂ ಅವ್ವ ಆಕೆಯ ಹೊಸ್ತಿಲು ತುಳಿದಿರಲಿಲ್ಲ.

ಹೋದ ವರ್ಷ ಮಾವಶಿಯ ಮಗಳು ಫೋನ್ ಮಾಡಿದಳು. "ಆಯಿಗೆ ಭಾಳ ಆರಾಮಿಲ್ಲ. ಡಾಕ್ಟರು ಮನೀಗೆ ಕರಕೊಂಡು ಹೋಗ್ರಿ ಅಂದಾರ. ಆಕಿ ಬರೇ ತಂಗೀನ್ನ ಕರಸ್ರಿ ಅಂತಾಳ."

ಅವ್ವ ಫೋನು ಕೆಳಗಿಟ್ಟು, "ಅಕ್ಕನ ಉಸರು ಇರೂದ್ರಾಗ ಒಮ್ಮೆ ಮಾರಿ ನೋಡಬೇಕು," ಎಂದಳು. ಆದರೆ ಆಕೆಗೆ ಸಕ್ಕರೆ ಕಾಯಿಲೆ. ಊಟ ತಪ್ಪಿದರೆ ಕಣ್ಣು ಕತ್ತಲೆಗಟ್ಟುತ್ತದೆ. ನನ್ನ ತಮ್ಮ ತಲೆ ಓಡಿಸಿ, ಸೊಲ್ಲಾಪುರದಿಂದ ಮೋಟರ್‌ಹೋಮ್ ಒಂದನ್ನು ಬಾಡಿಗೆಗೆ ತಂದ. ಹಾಸಿಗೆ, ಒಲೆ, ನೀರಿನ ಟಾಕಿ, ಸಂಡಾಸ, ಎಲ್ಲ ಒಂದೇ ಗಾಡಿಯಲ್ಲಿ. ಅಷ್ಟು ದೂರ ನಾವೆಲ್ಲ ಕೂಡಿ ಹೊರಟದ್ದು ಅದೇ ಮೊದಲು. ಎಲ್ಲ ಅಂದರೆ ತಮ್ಮ, ಅವ್ವ, ನಾನು.

"ನಿನ್ನ ಅಡಿಗಿಮನಿ ನಿನ್ನ ಸಂಗ್ತೀನ ಬರ್ತದ ನೋಡು," ಎಂದು ತಮ್ಮ ಬೀಗಿದ. ಅವ್ವ ಗಾಡಿ ಹತ್ತಿ ಒಲೆ ನೋಡಿದಳು, ಪಕ್ಕದ ಬಾಗಿಲು ತೆರೆದು ನೋಡಿದಳು, ಮೂಗಿಗೆ ಸೆರಗು ಹಿಡಿದಳು.

"ಸಂಡಾಸದ ಬಾಜೂಕ ದೇವರ ನೈವೇದ್ಯ ಮಾಡ್ಲೇನು? ನಿಮಗ ಬುದ್ಧಿ ಅದನೋ ಇಲ್ಲೋ?"

ಹೌದಲ್ಲ, ನಮ್ಮಿಬ್ಬರ ತಲೆಗೂ ಇದು ಹೊಳೆದೇ ಇರಲಿಲ್ಲ.

ಭೀಮಾ ನದಿ ದಾಟಿದ್ದೇ ತಡ, ಊಟದ ಹೊತ್ತಾಯಿತು. ಬೇವಿನ ಮರದ ಕೆಳಗೆ ಒಂದು ಸಣ್ಣ ಗ್ಯಾಸ್ ಒಲೆ ಇಳಿಸಿದೆವು. ಟಾಕಿಯ ನೀರು ಬೇಡ, ಅದೇ ನೀರು ಸಂಡಾಸಕ್ಕೂ ಹೋಗುತ್ತದಲ್ಲ. ತಮ್ಮ ಕೊಡ ಹಿಡಿದು ಹೊಲ ಹೊಲ ತಿರುಗಿದ. ಒಬ್ಬ ರೈತ, "ಬೋರಿನ ನೀರು ಭೇಷ್ ಐತ್ರಿ, ಒಯ್ರಿ," ಎಂದ. ಅವ್ವನಿಗೆ ಬಾವಿಯದೇ ಆಗಬೇಕು. ಮರುದಿನ ನಾಂದೇಡ ದಾಟಿದ ಮೇಲೂ ಅದೇ ರಾಮಾಯಣ. ಸ್ನಾನ, ಒಣಗದ ಮಡಿಸೀರೆ, ಬಾವಿಯ ಹುಡುಕಾಟ.

"ಇವತ್ತೊಂದಿನ ಎರಡು ಹಣ್ಣು ತಿಂದು ನಡಿ ಅವ್ವಾ. ಅಲ್ಲಿ ಮಾವಶಿ ದಾರಿ ಕಾಯ್ಲಿಕ್ಕತ್ತಾಳ," ಎಂದು ಹರಿಹಾಯ್ದೆ.

"ಇಷ್ಟು ವರ್ಷ ನಡಿಸಿಕೊಂಡು ಬಂದದ್ದು. ಒಂದು ತಾಸಿನಾಗ ಏನಾಗ್ತದ?" ಎಂದಳು.

ಅನ್ನ ಕುದಿಯುತ್ತಿದ್ದಾಗ ಫೋನು ಬಂತು. ಮಾವಶಿ ಹೋಗಿದ್ದಳು.

ಅವ್ವ ಅಳಲಿಲ್ಲ. ಒಲೆ ಆರಿಸಿ, ಅರೆಬೆಂದ ಅನ್ನವನ್ನು ಮರದ ಬುಡಕ್ಕೆ ಸುರಿದು, ಗಾಡಿ ಹತ್ತಿ ಕೂತಳು. ನಾಗಪುರದ ತನಕ ಮತ್ತೆಲ್ಲೂ ಗಾಡಿ ನಿಲ್ಲಿಸಗೊಡಲಿಲ್ಲ. ನನಗೆ ಆಕೆಯ ಮೇಲೆ ಸಿಟ್ಟೂ ಇತ್ತು, ತಬ್ಬಿಕೊಳ್ಳಬೇಕೆಂದೂ ಅನ್ನಿಸುತ್ತಿತ್ತು. ಎರಡನ್ನೂ ತೋರಿಸಲಾಗಲಿಲ್ಲ.

ನಾವು ಬರುವ ತನಕ ಹೆಣ ಇಟ್ಟಿದ್ದರು. ಅವ್ವ ಅಕ್ಕನ ಗಲ್ಲ ಸವರಿದಳು. ಗಂಡಸರು ಒಯ್ದ ಮೇಲೆ, ಎಲ್ಲರ ಸ್ನಾನ ಮುಗಿದ ಮೇಲೆ, ಮಾವಶಿಯ ಮಗಳು ಒಳಗಿನಿಂದ ಮುಚ್ಚಿದ ಪಾತ್ರೆಗಳನ್ನು ತಂದಳು. ಅನ್ನ, ತೊವ್ವೆ, ಗೋದಿ ಹುಗ್ಗಿ.

"ಮುಂಜಾನೆ ಆಯಿ ನನ್ನ ಕಡಿಂದ ಮಡೀಲೆ ಮಾಡಿಸಿದ್ಲು. ತಂಗಿ ಹಸದು ಬರ್ತಾಳ, ಹೊರಗಿಂದು ಏನೂ ತಿಂದಿರೂದಿಲ್ಲ ಅಂದ್ಲು. ನೀರೂ ಬಾವೀದ ತರಿಸಿದ್ಲು. ಇನ್ನ ಇದನ್ನ ದನಕ್ಕ ಹಾಕಬೇಕು."

ಹೆಣವಿದ್ದ ಮನೆಯ ಅಡಿಗೆ ಉಣ್ಣಬಾರದು. ಅದನ್ನು ನಮಗೆ ಕಲಿಸಿದವಳೇ ಅವ್ವ. ಆಕೆ ನೆಲದ ಮೇಲೆ ಕೂತು, ತಟ್ಟೆ ಎಳೆದುಕೊಂಡು, "ನೀಡು," ಎಂದಳು.

ದಾರಿಯುದ್ದಕ್ಕೂ ಮಡಿಯ ಮೇಲೆ ಜಗಳ ತೆಗೆದ ನಾನೇ ಆಕೆಯ ಕೈ ಹಿಡಿದೆ. "ಬ್ಯಾಡ ಅವ್ವಾ. ಸಾವಿನ ಮನೀದು."

"ಕೈ ಬಿಡು. ಅಕ್ಕ ನನ್ನ ಸಲುವಾಗಿ ಮಾಡಿಸ್ಯಾಳ. ನಾನು ಬಾವಿ ಹುಡುಕ್ಕೋತ ಕೂತೆ."

ಬಿಟ್ಟೆ. ತೊವ್ವೆ ಆರಿ ಗಟ್ಟಿಯಾಗಿತ್ತು. ಅವ್ವ ಅಳುತ್ತಳುತ್ತಲೇ ಅನ್ನ ಕಲಸಿ, ಒಂದು ಅಗುಳೂ ಬಿಡದೆ ಉಂಡಳು.