ಕ್ಲಚ್ಚಿಲ್ಲದ ಕಾರಿಗೆ ಎಣ್ಣೆ

ನನ್ನ ಎಡಗಾಲಿನ ಅರ್ಧ ಪಾದ ಹೋದದ್ದು ಹೊಳೆನರಸೀಪುರದ ರಸ್ತೆಯಲ್ಲಿ. ನಾನು ಓಡಿಸುತ್ತಿದ್ದ ಲಾರಿಯ ಟೈರು ಬದಲಾಯಿಸುವಾಗ ಜಾಕ್ ಜಾರಿ ಇಡೀ ಭಾರ ಬೆರಳುಗಳ ಮೇಲೆ ಕೂತಿತು. ಹಾಸನದ ಆಸ್ಪತ್ರೆಯಲ್ಲಿ ಉಳಿದದ್ದನ್ನು ಒಪ್ಪ ಮಾಡಿ ಕಳಿಸಿದರು. ಅಲ್ಲಿಂದ ಎರಡು ವರ್ಷ ಚನ್ನರಾಯಪಟ್ಟಣದ ಒಂದು ಸೈಕಲ್ ಶಾಪಿನ ಮುಂದೆ ಕೂತು ಪಂಕ್ಚರ್ ಹಾಕಿದೆ. ಕ್ಲಚ್ ಒತ್ತಲಾಗದವನನ್ನು ಡ್ರೈವರ್ ಅಂತ ಯಾರು ಕರೆದಾರು? ಆದರೂ ಯಾರಾದರೂ ‘ಪಂಕ್ಚರ್‌ನೋನೇ’ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವರ ಟ್ಯೂಬಿನಲ್ಲಿ ಒಂದು ಸಣ್ಣ ತೂತು ಬೇಕೆಂದೇ ಉಳಿಸಿ ಕಳಿಸುತ್ತಿದ್ದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿನ ಕೊಬ್ಬರಿ ಮಂಡಿಯ ಯಜಮಾನರು ಸಕಲೇಶಪುರದ ಕಡೆಯಿಂದ ಒಂದು ಕಾರು ತಂದರು. ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ವಾಪಸು ಹೋಗುವಾಗ ಬಿಟ್ಟುಹೋದದ್ದು. ಇಂಗ್ಲೆಂಡಿನ ಮಾಲು, ಏಳೆಂಟು ವರ್ಷ ಹಳೆಯದು, ಒಳಗೆ ಕೂತರೆ ಮದುವೆ ಚಪ್ಪರದಲ್ಲಿ ಕೂತಷ್ಟು ಜಾಗ. ಅದಕ್ಕೆ ಕ್ಲಚ್ಚೇ ಇರಲಿಲ್ಲ. ಎರಡೇ ಪೆಡಲ್ಲು. ಗೇರು ತನ್ನಷ್ಟಕ್ಕೆ ತಾನೇ ಬೀಳುತ್ತಿತ್ತು. ಮೊದಲು ಬಂದ ಮೂವರು ಡ್ರೈವರುಗಳೂ ಅಭ್ಯಾಸಬಲದಿಂದ ಎಡಗಾಲಲ್ಲಿ ಕ್ಲಚ್ ಹುಡುಕಿ, ಸಿಕ್ಕಿದ ಬ್ರೇಕನ್ನೇ ತುಳಿದು, ಯಜಮಾನರ ಪೇಟವನ್ನು ಮುಂದಿನ ಗಾಜಿಗೆ ಹಾರಿಸಿದರು. ನಾಲ್ಕನೆಯವನಾಗಿ ಎಡಗಾಲನ್ನು ನೆಚ್ಚಿಕೊಳ್ಳದ ಒಬ್ಬ ಬೇಕಾಗಿದ್ದ. ಯಜಮಾನರು ತಾವೇ ಸೈಕಲ್ ಶಾಪಿಗೆ ಬಂದು ನನ್ನನ್ನು ಕರೆದುಕೊಂಡು ಹೋದರು. ಹಾಸನ ಜಿಲ್ಲೆಯಲ್ಲಿ ನಾನು ಓಡಿಸಬಹುದಾದ ಕಾರು ಅದೊಂದೇ. ಅದನ್ನು ಓಡಿಸಬಲ್ಲವನೂ ನಾನೊಬ್ಬನೇ ಅಂತ ನಾನು ಹೇಳಿಕೊಂಡು ತಿರುಗಿದೆ.

ಒಂದು ವರ್ಷ ಸುಖವಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಕಾರಿನ ಕೆಳಗೆ ಯಾರೋ ಎಲೆ ಅಡಿಕೆ ಉಗಿದ ಹಾಗೆ ಕೆಂಪಗೆ ಎಣ್ಣೆ ಸೋರಿತ್ತು. ಇಂಜಿನ್ನು ಗರ್ಜಿಸುತ್ತದೆ, ಕಾರು ಮಾತ್ರ ಇದ್ದಲ್ಲೇ ಇದೆ. ಹಾಸನದಿಂದ ಮೇಸ್ತ್ರಿಯನ್ನು ಕರೆಸಿದೆವು. ಆತ ಕಾರಿನಡಿ ತೂರಿ, ಹೊರಬಂದು, ಸೋರುವ ಜಾಗಕ್ಕೆ ಹೊಸ ವಾಷರ್ ಹಾಕಿದೆ, ಆದರೆ ಈ ಗೇರ್‌ಬಾಕ್ಸು ಹಲ್ಲಿನ ಬಲದಿಂದ ನಡೆಯುವುದಲ್ಲ, ಎಣ್ಣೆಯ ಬಲದಿಂದ ನಡೆಯುವುದು, ಇದಕ್ಕೆ ಇದರದೇ ಎಣ್ಣೆ ಬೇಕು ಅಂದ. ಯಾವ ಎಣ್ಣೆ ಅಂದರೆ ಅವನಿಗೂ ಗೊತ್ತಿಲ್ಲ.

ದೊರೆ ಬಿಟ್ಟುಹೋದ ಪುಸ್ತಕವನ್ನು ಹೈಸ್ಕೂಲಿನ ಹೆಡ್‌ಮಾಸ್ಟರು ಓದಿ ಎಣ್ಣೆಯ ಹೆಸರು ಹುಡುಕಿದರು. ಮದರಾಸಿನ ಎಣ್ಣೆ ಕಂಪನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದರು. ಕೊನೆಯಲ್ಲಿ ಯಜಮಾನರು ಒಂದು ಸಾಲು ಸೇರಿಸಲು ಹೇಳಿದರು: ಈ ಎಣ್ಣೆಯಲ್ಲಿ ಪ್ರಾಣಿಗೆ ಸಂಬಂಧಪಟ್ಟದ್ದು ಏನಾದರೂ ಇದೆಯೇ? ಅವರು ಶಿವಭಕ್ತರು, ಕೊರಳಲ್ಲಿ ಲಿಂಗ ಕಟ್ಟಿದವರು. ಸೋಪು, ಬಿಸ್ಕತ್ತು, ಔಷಧಿ ಎಲ್ಲಕ್ಕೂ ಅವರದು ಇದೇ ಪ್ರಶ್ನೆ. ಸಕ್ಕರೆಯನ್ನು ಮೂಳೆಯ ಇದ್ದಿಲಲ್ಲಿ ಬಿಳುಪು ಮಾಡುತ್ತಾರೆ ಅಂತ ಯಾರೋ ಅಂದ ದಿನದಿಂದ ಅವರ ಮನೆಯ ಕಾಫಿಗೆ ಬೆಲ್ಲ. ಗೇರ್ ಎಣ್ಣೆಗೂ ಇದನ್ನು ಕೇಳಬೇಕೇ ಅಂತ ನಾನು ಒಳಗೊಳಗೇ ನಕ್ಕೆ.

ಮೂರು ವಾರದ ಮೇಲೆ ಎಣ್ಣೆಯ ಡಬ್ಬ ಬಂತು. ಜೊತೆಗೆ ಉತ್ತರವೂ ಬಂತು. ಕಂಪನಿಯವರು ಯಾಕೆ ಅಷ್ಟು ಸತ್ಯವಂತರಾದರೋ ನನಗೆ ಇವತ್ತಿಗೂ ಸಿಟ್ಟಿದೆ. ಸ್ವಲ್ಪ ಪ್ರಮಾಣದಲ್ಲಿ ತಿಮಿಂಗಿಲದ ಎಣ್ಣೆ ಬೆರೆತಿದೆ, ಅದಿಲ್ಲದಿದ್ದರೆ ಗೇರು ನಯವಾಗಿ ಬೀಳುವುದಿಲ್ಲ ಅಂತ ವಿನಯದಿಂದ ಬರೆದಿದ್ದರು.

ನಮ್ಮೂರಲ್ಲಿ ಸಮುದ್ರ ಕಂಡವರೇ ಕಮ್ಮಿ. ತಿಮಿಂಗಿಲ ಅಂದರೇನು ಅಂತ ಯಜಮಾನರು ಕೇಳಿದರು. ದೊಡ್ಡ ಮೀನು ಅಂತ ಹೇಳಿ ಮುಗಿಸಬಹುದಿತ್ತು. ಹೆಡ್‌ಮಾಸ್ಟರು ಪಾಠ ಮಾಡಿದರು. ಅದು ಮೀನೇ ಅಲ್ಲ, ಮರಿ ಹಾಕುತ್ತದೆ, ಮರಿಗೆ ಹಾಲು ಕುಡಿಸುತ್ತದೆ ಅಂದರು. ಹಾಲು ಅಂದ ತಕ್ಷಣ ಯಜಮಾನರ ಮುಖ ಇಳಿದುಹೋಯಿತು. ಹಾಲು ಕೊಡುವ ಪ್ರಾಣಿ ಅಂದರೆ ಅವರಿಗೆ ಹಸುವೇ. ಎದ್ದು ಹೋಗಿ ಸ್ನಾನ ಮಾಡಿದರು. ಡಬ್ಬವನ್ನು ಮನೆಯೊಳಗೆ ಇಡುವಂತಿಲ್ಲ, ಮಂಡಿಯಲ್ಲಿ ಇಡುವಂತಿಲ್ಲ, ಕೊಟ್ಟಿಗೆಯಲ್ಲಿ ಹಸು ಇದ್ದದ್ದರಿಂದ ಅಲ್ಲಂತೂ ಸಾಧ್ಯವೇ ಇಲ್ಲ. ಕೊನೆಗೆ ಕಾಂಪೌಂಡಿನ ಆಚೆ ಹುಣಸೆಮರಕ್ಕೆ ಹಗ್ಗ ಕಟ್ಟಿ ನೇತುಹಾಕಿಸಿದರು. ಹೋಗಿಬರುವವರೆಲ್ಲ ತಲೆಯೆತ್ತಿ ನೋಡಿ, ಯಾರ ದೃಷ್ಟಿಗೆ ಕಟ್ಟಿದ್ದು ಅಂತ ವಿಚಾರಿಸುತ್ತಿದ್ದರು.

ನಾನು ಸುಮ್ಮನಿರುವ ಜಾತಿಯಲ್ಲ. ಯಜಮಾನರ ಕಾಲಲ್ಲಿ ಚರ್ಮದ ಚಪ್ಪಲಿ ಇದ್ದವು, ಅದನ್ನು ಎತ್ತಿ ಆಡಿದೆ. ಅವರು ಶಾಂತವಾಗಿ, “ಚಪ್ಪಲಿ ಏನೂ ಕುಡಿಯಲ್ಲ ಕಣ್ಲಾ. ಕಾರು ಕುಡೀತದೆ” ಅಂದರು. ಹಾಗಾದರೆ ಭಾನುವಾರ ಮೀನು ಸಾರು ಉಂಡು ಬಂದು ಅದೇ ಕಾರಲ್ಲಿ ನಾನು ಕೂರುವುದಿಲ್ಲವೇ ಅಂದೆ. ನೀನು ನನ್ನ ಮುಂದೆ ಕೂರುತ್ತೀಯ, ಎಣ್ಣೆ ನನ್ನ ಕೆಳಗೆ ಇರುತ್ತದೆ ಅಂದರು. ಇದಕ್ಕೆ ಏನು ಹೇಳುತ್ತೀರಿ?

ಮನೆ ತುಂಬ ಕೊಬ್ಬರಿ ಎಣ್ಣೆ ಇಟ್ಟುಕೊಂಡವರಿಗೆ ಮುಂದಿನ ದಾರಿ ತಾನಾಗಿ ಹೊಳೆಯಿತು. ಮೇಸ್ತ್ರಿ ಬೇಡವೆಂದ. ನಾನೂ ಬೇಡವೆಂದೆ. ಯಜಮಾನರು ತಮ್ಮ ಕೈಯಾರೆ, ಬಿಳಿ ಬಟ್ಟೆಯಲ್ಲಿ ಸೋಸಿ, ಗಾಣದಿಂದ ಆಗಷ್ಟೇ ತಂದ ಎಣ್ಣೆ ಹುಯ್ದರು. ಕಾರು ನಡೆಯಿತು. ಏದುಸಿರು ಬಿಡುತ್ತ ನಡೆಯಿತು, ಆದರೂ ನಡೆಯಿತು. ಮಂಡಿಯ ಮುಂದೆ ಜನ ಚಪ್ಪಾಳೆ ಹೊಡೆದರು. ನಿಜ ಹೇಳಬೇಕೆಂದರೆ ನನಗೂ ಹೋದ ಜೀವ ಬಂದ ಹಾಗಾಯಿತು.

ಆ ಡಿಸೆಂಬರಿನಲ್ಲಿ ಯಜಮಾನರ ಮಗಳ ಸಂಬಂಧ ಮಾತಾಡಲು ಅರಕಲಗೂಡಿಗೆ ಹೋದೆವು. ಹೋಗುವಾಗ ಮಧ್ಯಾಹ್ನ, ಬಿಸಿಲಿತ್ತು. ಹುಡುಗನ ಮನೆಯವರು ಬಿಡದೆ ಆ ರಾತ್ರಿ ಅಲ್ಲೇ ಉಳಿಸಿಕೊಂಡರು. ಬೆಳಿಗ್ಗೆ ಉಪ್ಪಿಟ್ಟು ತಿಂದು, ಎಲ್ಲರಿಗೂ ಕೈ ಮುಗಿದು, ಕಾರಿನಲ್ಲಿ ಕೂತೆವು. ಕಾರು ಅಲುಗಲಿಲ್ಲ. ಚಳಿಗೆ ಬಾಟಲಿಯ ಕೊಬ್ಬರಿ ಎಣ್ಣೆ ಏನಾಗುತ್ತದೆಂದು ತಲೆ ಬಾಚುವ ಹೆಂಗಸರಿಗೆಲ್ಲ ಗೊತ್ತು. ಕೊಬ್ಬರಿ ವ್ಯಾಪಾರದಲ್ಲೇ ಮುದುಕರಾದ ಯಜಮಾನರಿಗೂ, ನನಗೂ ಅದು ನೆನಪಾಗಿರಲಿಲ್ಲ. ಗೇರ್‌ಬಾಕ್ಸಿನಲ್ಲಿ ಎಣ್ಣೆ ಗಟ್ಟಿಯಾಗಿ ಕೂತಿತ್ತು.

ಇಳಿದೆವು. ಮತ್ತೆ ಕಾಫಿ ಬಂತು. ಬಚ್ಚಲ ಹಂಡೆಯ ಬಿಸಿನೀರು ತಂದು ಕಾರಿನ ಹೊಟ್ಟೆಗೆ ಎರಚಿದೆವು. ಬಾಣಲೆಯಲ್ಲಿ ಕೆಂಡ ತಂದು ಕೆಳಗಿಟ್ಟೆವು. ಕೆಂಡಕ್ಕೆ ಗಾಳಿ ಹಾಕಲು ನಾನು ಮೊರ ಹಿಡಿದು ಅಂಗಾತ ಮಲಗಿದ್ದೆ. ಹುಡುಗನ ಅಜ್ಜಿ, ಹೊರಡುವ ಗಾಡಿಗೆ ಧೂಪ ಹಾಕುವುದು ಇವರ ಮನೆಯ ಪದ್ಧತಿ ಇರಬೇಕು ಅಂತ ತಿಳಿದು ಒಂದು ಹಿಡಿ ಸಾಂಬ್ರಾಣಿ ತಂದು ಕೆಂಡಕ್ಕೆ ಹಾಕಿದರು. ಹೊಗೆಯಲ್ಲಿ ನನ್ನ ಕಣ್ಣು ಹೋಗುವುದೊಂದು ಬಾಕಿ. ಎರಡನೆಯ ಸಲ ಉಪ್ಪಿಟ್ಟು ತಿಂದ ಮೇಲೆ ಹನ್ನೊಂದು ಗಂಟೆಗೆ ಎಣ್ಣೆ ಕರಗಿತು. ಹಳ್ಳಿಮೈಸೂರು ಮುಟ್ಟುವಷ್ಟರಲ್ಲಿ ಅದು ಕಾದು, ಕಾರಿನಿಂದ ವಡೆ ಕರಿಯುವ ವಾಸನೆ ಬಂತು, ನಾಯಿಗಳು ಬೆನ್ನುಹತ್ತಿದವು. ಸಂಬಂಧವೇನೋ ಕೂಡಿಬಂತು. ಹೊರಡಲು ಅಷ್ಟು ಹಿಂದೇಟು ಹಾಕಿದವರಿಗೆ ನಮ್ಮ ಮೇಲೆ ಬಹಳ ವಿಶ್ವಾಸವಿದೆ ಅಂತ ಬೀಗರು ಹೇಳಿಕಳಿಸಿದರು.

ಗೇರ್‌ಬಾಕ್ಸು ಮಾತ್ರ ಕೆಟ್ಟಿತು. ಮೇಸ್ತ್ರಿ ಬಂದು ಬಿಚ್ಚಿ ತೊಳೆದು, ಜೋಡಿಸಿ, ಇನ್ನೊಂದು ಸಲ ಅಡಿಗೆ ಎಣ್ಣೆ ಹಾಕಿದರೆ ನನ್ನನ್ನು ಕರೆಯಬೇಡಿ, ಗುಜರಿಯವನನ್ನು ಕರೆಯಿರಿ ಅಂದ. ಮರದ ಮೇಲಿನ ಎಣ್ಣೆ, ಇಲ್ಲವೇ ಮಾರಾಟ. ಹಾಸನದಿಂದ ಒಬ್ಬ ಗಿರಾಕಿ ಬಂದು ನೋಡಿಕೊಂಡೂ ಹೋದ. ಯಜಮಾನರು ಒಂದು ಜೀಪು ತರುವ ಮಾತಾಡಿದರು. ಜೀಪಿಗೆ ಕ್ಲಚ್ಚಿತ್ತು. ನಿನಗೆ ಮಂಡಿಯ ಬಾಗಿಲು ಕಾಯುವ ಕೆಲಸ ಇದ್ದೇ ಇರುತ್ತದೆ ಅಂದರು. ನಾನು ಅವತ್ತು ಊಟ ಬಿಟ್ಟೆ. ಮನೆಯಲ್ಲಿ ಹೆಂಡತಿಯ ಮೇಲೆ ಕೂಗಾಡಿದೆ, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತೆ. ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂರುವವನಾಗಿ ಬದುಕುವುದಕ್ಕೆ ನನ್ನ ಮನಸ್ಸು ಒಪ್ಪಲೇ ಇಲ್ಲ.

ಮಾರನೆಯ ದಿನ ಯಜಮಾನರು ಕರೆದು, ಮರದಿಂದ ಡಬ್ಬ ಇಳಿಸು ಅಂದರು. ಯಾಕೆ, ಏನು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಅಂತ ಭಯ. ಎಣ್ಣೆ ಹುಯ್ದೆ. ಕಾರು ಹೊಸದಾಗಿ ಹುಟ್ಟಿದ ಹಾಗೆ ಓಡಿತು. ತಂದು ಬಾಗಿಲಿಗೆ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು ಹಿಡಿದೆ. ಅವರು ಕೊಡೆಯನ್ನು ಸೀಟಿನ ಮೇಲೆ ಇಟ್ಟು, ಬಾಗಿಲು ಮುಚ್ಚಿ, ಹಾಸನಕ್ಕೆ ಬಾ ಅಂತ ಹೇಳಿ, ನಡೆದು ಹೋಗಿ ಬಸ್ಸು ಹತ್ತಿದರು.

ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಮುಂದೆ ಬಸ್ಸು, ಬಸ್ಸಿನಲ್ಲಿ ಯಜಮಾನರು. ಹಿಂದೆ ಕಾರು, ಕಾರಿನಲ್ಲಿ ನಾನು ಮತ್ತು ಕೊಡೆ. ಬಸ್ಸು ನಿಂತಲ್ಲೆಲ್ಲ ನಾನೂ ನಿಲ್ಲುತ್ತಿದ್ದೆ. ಮನೆಯವರು, ನೆಂಟರು ಎಲ್ಲರೂ ಕಾರಿನಲ್ಲಿ ಓಡಾಡಿದರು, ಅವರಿಗೆ ತಿಮಿಂಗಿಲದ ಚಿಂತೆ ಇರಲಿಲ್ಲ. ಯಜಮಾನರೊಬ್ಬರು ಮಾತ್ರ ಕಾಲಿಡಲಿಲ್ಲ. ಜನ ನಗುತ್ತಿದ್ದರು. ಕಂಡಕ್ಟರು, ನಿಮ್ಮ ಕೊಡೆ ಕ್ಷೇಮವಾಗಿ ಬರ್ತಾ ಇದೆ ಅಂತ ಅವರಿಗೆ ವರದಿ ಕೊಡುತ್ತಿದ್ದ. ಯಜಮಾನರದು ಹಟ ಅಂತ ಊರೆಲ್ಲ ಆಡಿಕೊಂಡಿತು, ಊರಿಗಿಂತ ಜೋರಾಗಿ ನಾನೇ ಆಡಿಕೊಂಡೆ.

ಹೀಗೆ ಎರಡು ವರ್ಷ. ಒಂದು ದಿನ ಶ್ರವಣಬೆಳಗೊಳದಿಂದ ಬಂದ ಯಾತ್ರಿಕರಿಂದ ಬಸ್ಸು ಕಿಕ್ಕಿರಿದಿತ್ತು. ಅರವತ್ತು ದಾಟಿದ ಮನುಷ್ಯ, ಒಂದು ಕೈಯಲ್ಲಿ ಪೇಟ ಹಿಡಿದು, ಫುಟ್‌ಬೋರ್ಡಿನ ಮೇಲೆ ನೇತಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಬಸ್ಸು ನಿಂತ ಕಡೆ ಕಾರು ಬಿಟ್ಟು ಕುಂಟುತ್ತ ಅದರ ಹತ್ತಿರ ಓಡಿದೆ. ಎಲ್ಲರೆದುರಿಗೂ ಬಾಯಿಗೆ ಬಂದದ್ದು ಅಂದೆ.

“ಯಜಮಾನ್ರೇ, ಇದೇನ್ ಹಟ ನಿಮ್ದು? ಮಾರ್ಬುಡಿ ಆ ಕಾರ್ನ. ಜೀಪ್ ತಗಂಡು ಮಾರಾಜ್ರಂಗೆ ಓಗಿ.”

ಅವರಿಗೆ ಸಿಟ್ಟು ಬರಲಿಲ್ಲ. ಬಗ್ಗಿ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದರು.

“ನಂಗೆ ಬಸ್ಸಾದ್ರೂ ಅದೆ ಕಣ್ಲಾ. ನಿಂಗೆ ಇನ್ನೇನದೆ?”

ಬಸ್ಸು ಹೊರಟಿತು. ನಾನು ಹೋಗಿ ಕಾರಿನಲ್ಲಿ ಕೂತೆ, ಶಾಂತಿಗ್ರಾಮದವರೆಗೂ ಅಳುತ್ತ ಅವರ ಹಿಂದೆಯೇ ಓಡಿಸಿದೆ.