ಮುಚ್ಚಳದ ಮೇಲಿನ ಗಂಧ

ದೋಣಿಗೂ ಆಯುಧಪೂಜೆ ಆಗಲೇಬೇಕು ಎಂದು ಅಮ್ಮ ಹಟ ಹಿಡಿದಾಗ ನನಗೆ ಕಿರಿಕಿರಿಯಾಯಿತು. ಅವಳು ಮೈಸೂರಿನಿಂದ ಆಗಷ್ಟೇ ಬಂದಿದ್ದಳು. ಪಿನ್ನರ್‌ನ ನಮ್ಮ ಮನೆ ಮುಂದೆ ಕಾರಿಗೆ ಪೂಜೆ ಮಾಡಿದ್ದು ಸಾಲದೆ, ಕಾಲುವೆಯಲ್ಲಿ ಕಟ್ಟಿದ್ದ ನನ್ನ ಪುಟ್ಟ ಮೋಟಾರು ದೋಣಿಗೂ ಆಗಬೇಕಂತೆ. ರೇನರ್ಸ್ ಲೇನ್‌ನ ಇಂಡಿಯನ್ ಅಂಗಡಿಗೆ ಹೋಗಿ ಚೆಂಡುಹೂವು, ಬಾಳೆಹಣ್ಣು, ನಿಂಬೆಹಣ್ಣು ತಂದದ್ದಾಯಿತು.

"ಇದಕ್ಕೆ ಚಕ್ರಾನೇ ಇಲ್ವಲ್ಲೋ, ನಿಂಬೆಹಣ್ಣು ಎಲ್ಲಿಡೋದು?" ಎಂದು ದಡದಲ್ಲಿ ನಿಂತು ಕೇಳಿದಳು.

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆದರೆ ಪಕ್ಕದ ದೋಣಿಯ ಇಂಗ್ಲಿಷ್ ಮುದುಕ ಟೀ ಮಗ್ ಹಿಡಿದು ನಮ್ಮನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಎದ್ದು ಇತ್ತ ಬರತೊಡಗಿದ. ಅವನು ಬರುವಷ್ಟರಲ್ಲಿ ಮುಗಿಸಿಬಿಡಬೇಕೆಂದು ಅಮ್ಮನ ಕೈಯಿಂದ ಬಟ್ಟಲು ಕಿತ್ತುಕೊಂಡು, ಉಳಿದ ಗಂಧವನ್ನೆಲ್ಲ ಬಾಚಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಮೆತ್ತಿದೆ. ಮೇಲೊಂದು ಚಿಟಿಕೆ ಕುಂಕುಮ ಒತ್ತಿದೆ.

"ಅಲ್ಲೇನೋ ತೂತಿದೆ ಕಣೋ, ಪಕ್ಕಕ್ಕಿಡು."

"ಆಯ್ತಲ್ಲಮ್ಮ, ಸಾಕು, ನಡಿ."

ಕುಂಕುಮ ಯಾರ ಕಣ್ಣಿಗೂ ಬೀಳದಿರಲಿ ಎಂದು ಟ್ಯಾಂಕಿನ ಮೇಲೊಂದು ಹಳೇ ಟವೆಲ್ ಎಸೆದೆ. ಚಳಿಗಾಲಕ್ಕೆಂದು ಇಡೀ ದೋಣಿಗೆ ಟಾರ್ಪಾಲು ಹೊದಿಸಿ ಮನೆಗೆ ಬಂದೆವು.

ಆಮೇಲೆ ಅಮ್ಮ ತಿಂಗಳುಗಟ್ಟಲೆ ಹೀಟರ್ ಪಕ್ಕ ಕೂತು ಕಾಲ ಕಳೆದಳು. ನನ್ನ ಮಕ್ಕಳಿಗೆ ಅವಳ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅವಳಿಗೆ ಬೇಜಾರಾದಾಗಲೆಲ್ಲ ನಾನು ಹೇಳುತ್ತಿದ್ದದ್ದು ಒಂದೇ: ಚಳಿ ಹೋಗಲಿ, ದೋಣಿಯಲ್ಲಿ ಸುತ್ತಿಸುತ್ತೇನೆ. ಚಳಿ ಹೋಗುವ ಹೊತ್ತಿಗೆ ಅವಳ ವೀಸಾ ಕೂಡ ಮುಗಿಯುತ್ತ ಬಂತು.

ಎಂಜಿನ್ ನನ್ನ ಮಾನ ಕಳೆಯಲೆಂದೇ ಕಾದಿತ್ತು. ಚಾಲೂ ಆಗುತ್ತಿತ್ತು, ಒಂದಿಷ್ಟು ದೂರ ಹೋಗಿ ಕೆಮ್ಮಿ ನಿಂತುಬಿಡುತ್ತಿತ್ತು. ಹಳೇ ಪೆಟ್ರೋಲ್ ಚೆಲ್ಲಿ ಹೊಸದು ತುಂಬಿಸಿದೆ. ಪ್ಲಗ್ ಬದಲಿಸಿದೆ, ಫಿಲ್ಟರ್ ಬದಲಿಸಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ. ಪ್ರತಿ ಸಲವೂ ಸರಿಹೋಯಿತು ಅನ್ನಿಸುತ್ತಿತ್ತು, ಮತ್ತೆ ಅದೇ ರಾಗ. ಮುಚ್ಚಳ ತಿರುಗಿಸುವಾಗಲೆಲ್ಲ ಟವೆಲ್ ಸಮೇತ ತಿರುಗಿಸುತ್ತಿದ್ದೆ. ಅಷ್ಟು ನಾಚಿಕೆ ನನಗೆ.

ಅಮ್ಮ ಹೊರಡುವ ಮೊದಲಿನ ಭಾನುವಾರ ಧೈರ್ಯ ಮಾಡಿ ಅವಳನ್ನು ಕೂರಿಸಿಕೊಂಡು ಹೊರಟೆ. ಮೊದಲ ಸೇತುವೆ ದಾಟುವಷ್ಟರಲ್ಲಿ ಎಂಜಿನ್ ನಿಂತಿತು. ಹಿಂದೆ ಬರುತ್ತಿದ್ದ ಅದೇ ಮುದುಕ ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡು ವಾಪಸ್ ತಂದ. ದಾರಿಯುದ್ದಕ್ಕೂ ಅಮ್ಮ ಬಾತುಕೋಳಿಗಳನ್ನು ನೋಡುತ್ತ ಖುಷಿಯಾಗಿದ್ದಳು. ನಾನು ತಲೆ ಎತ್ತಲಿಲ್ಲ.

ದಡ ಸೇರಿದ ಮೇಲೆ ಸಿಟ್ಟಿನಲ್ಲಿ ಟವೆಲ್ ಕಿತ್ತು ಬಿಸಾಡಿ ಮುಚ್ಚಳ ತಿರುಗಿಸಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದ ನಡುವೆ ಗಾಳಿಯಾಡಲೆಂದು ಇರುವ ಸಣ್ಣ ತೂತಿನಲ್ಲಿ ನಾನು ಮೆತ್ತಿದ್ದ ಗಂಧ ಒಣಗಿ ಬಿರಡೆಯಾಗಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುತ್ತಿರಲಿಲ್ಲ, ಅಷ್ಟೇ. ಮುಚ್ಚಳ ತೆಗೆದು ಮತ್ತೆ ಹಾಕಿದಾಗಲೆಲ್ಲ ಒಳಗೆ ಸೇರಿದ ಗಾಳಿಯಿಂದ ಎಂಜಿನ್ ಒಂದಿಷ್ಟು ದೂರ ಓಡುತ್ತಿತ್ತು.

ಏನಾಗಿತ್ತು ಎಂದು ಮುದುಕ ಬಗ್ಗಿ ಕೇಳಿದ.

"ಮಡ್," ಎಂದೆ. "ಕಣಜದ ಹುಳ ಮಣ್ಣಿನ ಗೂಡು ಕಟ್ಟಿರಬೇಕು."

ನನ್ನ ಉಗುರಿನ ತುದಿಯಲ್ಲಿ ಮುಚ್ಚಳದಿಂದ ಹತ್ತಿದ ಕುಂಕುಮದ ಕೆಂಪು ಇತ್ತು. ಅಮ್ಮ ಅದನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಮುದುಕನ ಕಡೆ ತಿರುಗಿ, ಆ ಚಳಿಗಾಲವೆಲ್ಲ ಆಡದ ಇಂಗ್ಲಿಷ್ ಆಡಿದಳು.

"ನಾಟ್ ಮಡ್, ಸರ್. ಸ್ಯಾಂಡಲ್ ಪೇಸ್ಟ್. ಗಾಡ್ಸ್ ಪೂಜಾ. ಐ ಪುಟ್. ಮೈ ಮಿಸ್ಟೇಕ್, ಸಾರಿ."

ಅಯ್ಯೋ, ಅದರಲ್ಲಿ ಸಾರಿ ಕೇಳುವಂಥದ್ದೇನಿದೆ ಎಂದು ಅವನು ನಕ್ಕ. ಅವತ್ತು ಹೂವು ಬಹಳ ಚೆನ್ನಾಗಿತ್ತು, ಹತ್ತಿರದಿಂದ ನೋಡೋಣವೆಂದು ಬರುತ್ತಿದ್ದೆ, ಅಷ್ಟರಲ್ಲಿ ನೀವು ಮುಗಿಸಿಬಿಟ್ಟಿರಿ ಎಂದ. ಗಂಧ ಹಚ್ಚಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಆದರೆ ಗುಂಡುಸೂಜಿ ಇದೆಯಾ ಎಂದು ಕೇಳಿದೆ.

ಗುಂಡುಸೂಜಿಯಿಂದ ತೂತು ಬಿಡಿಸಿ ಮತ್ತೆ ಹೊರಟೆವು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಸೇತುವೆ ದಾಟಿದ ಮೇಲೆ ಕೇಳಿದೆ: "ಯಾಕಮ್ಮ ನೀನು ಹಚ್ಚಿದ್ದು ಅಂತ ಹೇಳ್ದೆ?"

ಅಮ್ಮ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು.

"ನಾನು ಶನಿವಾರ ಹೊರಟುಹೋಗ್ತೀನಿ," ಅಂದಳು. "ಇವರ ಮಧ್ಯೆ ಇರಬೇಕಾದೋನು ನೀನು ಕಣೋ."